ಮಡಚಿದ ಬೆರಳಿಗೆ ಪಕ್ಕದಿಂದ ಒಂದು ಫೋಟೋ

ಕೋಲಾರ ಜಿಲ್ಲೆಯ ತಾಯಲೂರು ಕಡೆ ಬೆರಳಿಗೆ ಪೆಟ್ಟಾಗಲು ದೊಡ್ಡ ಅಪಘಾತವೇನೂ ಆಗಬೇಕಿಲ್ಲ. ಬೆಳಗಿನ ಜಾವ ಸೀಮೆಹಸುವಿಗೆ ಮೇವು ಕತ್ತರಿಸುವ ಮಿಷನ್ ಇದೆ, ಹಿಪ್ಪುನೇರಳೆ ಕೊಯ್ಯುವ ಕುಡುಗೋಲಿದೆ, ಟೊಮೆಟೊ ತೋಟದಲ್ಲಿ ಕಡ್ಡಿಯಿಂದ ಕಡ್ಡಿಗೆ ಎಳೆದು ಬಿಗಿಯುವ ತಂತಿ ಇದೆ. ಕಲ್ಲು ಕ್ವಾರಿಗೆ ಹೋಗುವವರಿದ್ದಾರೆ. ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ಕಂಪನಿ ಬಸ್ಸು ಹತ್ತುವ ಹುಡುಗ ಹುಡುಗಿಯರಿದ್ದಾರೆ. ಗಾಯವಾದ ದಿನ ಎಲ್ಲರೂ ಓಡುತ್ತಾರೆ. ಹೊಲಿಗೆ ಬೀಳುತ್ತದೆ, ಟಿಟಿ ಇಂಜೆಕ್ಷನ್ ಆಗುತ್ತದೆ, ಬೇಕಾದರೆ ಆಪರೇಷನ್ನೂ ಆಗುತ್ತದೆ. ಬೆರಳು ಉಳಿಯಿತಲ್ಲ, ಅಷ್ಟು ಸಾಕು ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಉಳಿದ ಬೆರಳು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆಮೇಲಿನ ಆರರಿಂದ ಹನ್ನೆರಡು ವಾರಗಳಲ್ಲಿ. ಆ ವಾರಗಳನ್ನು ರೋಗಿ ಕಳೆಯುವುದು ಮನೆಯಲ್ಲಿ, ಯಾವ ಡಾಕ್ಟರ ಕಣ್ಣಿಗೂ ಬೀಳದ ಹಾಗೆ.

"ಎರಡು ವಾರ ಬಿಟ್ಟು ಬಂದು ತೋರಿಸಿ" ಅಂತ ಚೀಟಿಯಲ್ಲಿ ಬರೆದಿರುತ್ತದೆ. ತೋರಿಸುವುದೆಂದರೆ ತಾಯಲೂರಿನಿಂದ ಮುಳಬಾಗಿಲಿಗೆ ಒಂದು ಬಸ್ಸು, ಅಲ್ಲಿಂದ ಕೋಲಾರಕ್ಕೆ ಇನ್ನೊಂದು, ಮತ್ತೆ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಆಟೋ. ಕೆಲವರು ಬೆಂಗಳೂರಿಗೆ ಹೋಗುತ್ತಾರೆ, ಕೆಲವರು ಗಡಿ ದಾಟಿ ವೇಲೂರಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಇಲ್ಲ, ನಿಜ. ಅವತ್ತಿನ ಕೂಲಿಯನ್ನು ಯಾವ ಯೋಜನೆಯೂ ಕೊಡುವುದಿಲ್ಲ, ಹಸುವಿಗೆ ಮೇವು ಹಾಕುವವರನ್ನೂ ಕೊಡುವುದಿಲ್ಲ. ಇಷ್ಟೆಲ್ಲ ಮಾಡಿ ಸರದಿಯಲ್ಲಿ ಕೂತು ಒಳಗೆ ಹೋದರೆ, ಡಾಕ್ಟರು ಬೆರಳನ್ನು ಮಡಚಿಸಿ, ಚಾಚಿಸಿ, "ಪರವಾಗಿಲ್ಲ, ವ್ಯಾಯಾಮ ಮುಂದುವರಿಸಿ" ಎಂದು ಕಳಿಸುತ್ತಾರೆ. ಎರಡು ಮೂರು ನಿಮಿಷದ ಮಾತು. ಮುಂದಿನ ಸಲ ಅರ್ಧ ಜನ ಹೋಗುವುದೇ ಇಲ್ಲವೆಂದರೆ ಅದನ್ನು ಬರೀ ಉದಾಸೀನ ಅಂತ ಬೈಯಲು ನನಗೆ ಬಾಯಿ ಬರುವುದಿಲ್ಲ.

ಆ ಎರಡು ನಿಮಿಷದಲ್ಲಿ ಡಾಕ್ಟರು ನೋಡುವುದು ಏನನ್ನು? ಬೆರಳಿನ ಗೆಣ್ಣುಗಳ ಕೋನವನ್ನು. ಹೆಬ್ಬೆರಳು ಬಿಟ್ಟರೆ ಪ್ರತಿ ಬೆರಳಿಗೂ ಮೂರು ಗೆಣ್ಣು. ಅಂಗೈ ಸೇರುವ ಬುಡದ ಗೆಣ್ಣು ಸುಮಾರು 85ರಿಂದ 90 ಡಿಗ್ರಿ ಮಡಚುತ್ತದೆ, ನಡುವಿನದು 100ರಿಂದ 110, ಉಗುರಿನ ಹತ್ತಿರದ ತುದಿಯದು 65ರಿಂದ 70. ನೆಟ್ಟಗೆ ಚಾಚಿದರೆ ಮೂರೂ ಸೊನ್ನೆ. ಈ ಮೂರರಲ್ಲಿ ಬೇಗ ಸೆಟೆಯುವುದು, ಸೆಟೆದ ಮೇಲೆ ಹಟ ಹಿಡಿಯುವುದು ನಡುವಿನ ಗೆಣ್ಣು. ಪೆಟ್ಟು ತುದಿಗೇ ಬಿದ್ದಿದ್ದರೂ ಊತ ಬಂದು ನಡುಗೆಣ್ಣು ಅರ್ಧ ಮಡಚಿದ ಹಾಗೆ ನಿಂತುಬಿಡುವುದುಂಟು. ಗೆಣ್ಣಿನ ಪಕ್ಕದ ಅಸ್ಥಿರಜ್ಜುಗಳು ಆ ಭಂಗಿಯಲ್ಲೇ ಕುಗ್ಗಿ ಕೂತರೆ ಆಮೇಲೆ ಬಿಡಿಸುವುದು ತಿಂಗಳುಗಟ್ಟಲೆಯ ಪಾಡು.

ಅಳೆಯುವ ಸಾಧನಕ್ಕೆ ಗೋನಿಯೋಮೀಟರ್ ಅಂತ ಹೆಸರು. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ಕೈ ಜೋಡಿಸಿದರೆ ಅದೇ. ಗೆಣ್ಣಿನ ಹಿಂಬದಿಯ ಮೇಲಿಟ್ಟು, ಒಂದು ಕೈಯನ್ನು ಹಿಂದಿನ ಮೂಳೆಯ ನೇರಕ್ಕೂ ಇನ್ನೊಂದನ್ನು ಮುಂದಿನ ಮೂಳೆಯ ನೇರಕ್ಕೂ ಹಿಡಿದು ಅಂಕಿ ಓದುತ್ತಾರೆ. ಬಲು ಸರಳ ಸಾಮಾನು, ಆದರೂ ತಪ್ಪಿಲ್ಲದ್ದೇನಲ್ಲ. ಒಬ್ಬರೇ ಎರಡು ಸಲ ಅಳೆದರೂ 5 ಡಿಗ್ರಿ ಆಚೀಚೆ ಆಗುವುದು ಮಾಮೂಲು, ಇಬ್ಬರು ಅಳೆದರೆ ಅಂತರ ಇನ್ನೂ ಸ್ವಲ್ಪ ಹೆಚ್ಚು. ಆದ್ದರಿಂದ ಕಳೆದ ವಾರ 62 ಇತ್ತು ಈ ವಾರ 65 ಆಯಿತು ಅಂತ ಯಾರಾದರೂ ಹಿಗ್ಗಿದರೆ ಅದರಲ್ಲಿ ಅರ್ಥವಿಲ್ಲ. 62 ಇದ್ದದ್ದು 75 ಆದರೆ ಅರ್ಥವಿದೆ.

ಫೋಟೋದ ಮಾತು ಹುಟ್ಟುವುದು ಇಲ್ಲಿಂದ. ಕೈಯಲ್ಲಿ ಹಿಡಿದು ಅಳೆಯುವ ಸಾಧನದಲ್ಲೇ 5 ಡಿಗ್ರಿ ಜೋಲಿ ಹೊಡೆಯುತ್ತದೆ ಎಂದಾದರೆ, ರೋಗಿಯೇ ಮನೆಯಲ್ಲಿ ತೆಗೆದು ಕಳಿಸಿದ ಫೋಟೋದ ಮೇಲೆ ಎರಡು ಗೆರೆ ಎಳೆದು ಕೋನ ಓದಿದರೆ ಏನಾಗುತ್ತದೆ? ಹೊರದೇಶಗಳ ಕೈ ಶಸ್ತ್ರವೈದ್ಯರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2016ರಲ್ಲಿ ಮೊಣಕೈಗೆ ಈ ಹೋಲಿಕೆ ಮಾಡಿ ಪ್ರಕಟಿಸಿದರು, ಬೆರಳುಗಳ ಮೇಲೂ ಅಂಥ ಅಧ್ಯಯನಗಳು ಬಂದವು. ಒಟ್ಟು ಸಾರ ಇಷ್ಟು: ಫೋಟೋ ಸರಿಯಾಗಿ ತೆಗೆದಿದ್ದರೆ ಅದರಿಂದ ಓದಿದ ಕೋನ ಗೋನಿಯೋಮೀಟರಿನ ಕೋನಕ್ಕೆ ಹತ್ತಿರವೇ ಇರುತ್ತದೆ, ದಿನಬಳಕೆಗೆ ಸಾಕಾಗುವಷ್ಟು ಹತ್ತಿರ. ಈ ವಾಕ್ಯದ ಭಾರವೆಲ್ಲ "ಸರಿಯಾಗಿ ತೆಗೆದಿದ್ದರೆ" ಎಂಬಲ್ಲಿ ಇದೆ.

ಕೋನಕ್ಕೆ ಒಂದು ದೊಡ್ಡ ಅನುಕೂಲವುಂಟು. ಗಾಯದ ಅಗಲವನ್ನೋ ಊತದ ದಪ್ಪವನ್ನೋ ಫೋಟೋದಲ್ಲಿ ಅಳೆಯಬೇಕಾದರೆ ಪಕ್ಕದಲ್ಲಿ ಸ್ಕೇಲು ಇಡಬೇಕು, ರೂಪಾಯಿ ನಾಣ್ಯ ಇಡಬೇಕು. ಕೋನಕ್ಕೆ ಅದು ಬೇಡ. ಹತ್ತಿರದಿಂದ ತೆಗೆದು ಬೆರಳು ದೊಡ್ಡದಾಗಿ ಕಂಡರೂ, ದೂರದಿಂದ ತೆಗೆದು ಚಿಕ್ಕದಾಗಿ ಕಂಡರೂ 60 ಡಿಗ್ರಿ 60 ಡಿಗ್ರಿಯೇ. ವಾಟ್ಸ್ಆ್ಯಪ್ ಫೋಟೋವನ್ನು ಹಿಂಡಿ ಸಣ್ಣದು ಮಾಡಿದರೂ ಕೋನ ಕುಂದುವುದಿಲ್ಲ. ಐದು ಸಾವಿರದ ಫೋನಾದರೂ ನಡೆಯುತ್ತದೆ.

ಕೋನ ಕೆಡುವುದು ಕ್ಯಾಮೆರಾ ಓರೆಯಾದಾಗ. ಲೆಕ್ಕ ಹಾಕಿಯೇ ನೋಡಬಹುದು. ಗೆಣ್ಣು ನಿಜವಾಗಿ 45 ಡಿಗ್ರಿ ಮಡಚಿದೆ ಅಂತಿಟ್ಟುಕೊಳ್ಳಿ. ಫೋನನ್ನು ಬೆರಳಿನ ನೇರ ಪಕ್ಕದಲ್ಲಿ, ಗೆಣ್ಣಿನ ಎತ್ತರದಲ್ಲೇ ಹಿಡಿದರೆ ಫೋಟೋದಲ್ಲೂ 45 ಬರುತ್ತದೆ. ಫೋನು ಪಕ್ಕದಿಂದ ಮೇಲಕ್ಕೆ 30 ಡಿಗ್ರಿ ವಾಲಿದರೆ ಅದೇ ಬೆರಳು 41 ತೋರಿಸುತ್ತದೆ. 45 ಡಿಗ್ರಿ ವಾಲಿದರೆ 35. ನೆತ್ತಿಯ ಮೇಲಿಂದ ತೆಗೆದರೆ ಸೊನ್ನೆ, ಅಂದರೆ ಮಡಚಿದ ಬೆರಳು ನೆಟ್ಟಗಿದ್ದ ಹಾಗೇ ಕಾಣುತ್ತದೆ. ಕೈಯನ್ನು ಮೇಜಿನ ಮೇಲಿಟ್ಟು ನಿಂತುಕೊಂಡು ಕೆಳಗೆ ನೋಡಿ ಫೋಟೋ ತೆಗೆಯುವುದು ನಮ್ಮೆಲ್ಲರ ಅಭ್ಯಾಸ. ಡಾಕ್ಟರಿಗೆ ಬರುವ ಬೆರಳಿನ ಫೋಟೋ ಹೀಗೆ ಮೇಲಿಂದ ತೆಗೆದದ್ದಾದರೆ ಹೊಲಿಗೆ ಕಾಣುತ್ತದೆ, ಬಣ್ಣ ಕಾಣುತ್ತದೆ, ಕೋನ ಮಾತ್ರ ಸಿಕ್ಕುವುದಿಲ್ಲ.

ಹಾಗಾದರೆ, ಗಾಯ ತಾತನದು ಎಂದಿಟ್ಟುಕೊಂಡರೆ, ಮೊಮ್ಮಗಳು ಫೋನು ಹಿಡಿದು ಮಂಡಿಯೂರಿ ಕೂರಬೇಕು, ತಾತನ ಕೈ ಮೇಜಿನ ಅಂಚಿನಲ್ಲಿರಬೇಕು. ಹಿಂದೆ ಒಂದು ಕಪ್ಪು ಇಲ್ಲವೇ ಗಾಢ ಬಣ್ಣದ ಟವೆಲ್ಲು, ಹೂವಿನ ಬೆಡ್‌ಶೀಟು ಬೇಡ. ಫೋನನ್ನು ಬೆರಳಿನ ಹತ್ತಿರ ತಂದು ತೆಗೆಯದೆ ಒಂದು ಮೊಳಕ್ಕಿಂತ ಹೆಚ್ಚು ದೂರದಲ್ಲಿ ಹಿಡಿದು, ಬೇಕಾದರೆ ಸ್ವಲ್ಪ ಜೂಮ್ ಮಾಡಬೇಕು. ತೀರಾ ಹತ್ತಿರವಾದರೆ ಮುಂದಿರುವುದು ಉಬ್ಬಿ ಹಿಂದಿರುವುದು ಕುಗ್ಗಿ ಆಕಾರವೇ ಕೆಡುತ್ತದೆ. ಇಡೀ ಬೀದಿಯನ್ನು ಒಂದೇ ಚಿತ್ರದಲ್ಲಿ ಹಿಡಿಸುವ ಅಗಲದ ಲೆನ್ಸನ್ನಂತೂ ಮುಟ್ಟಲೇಬಾರದು. ಬೆರಳು ಚಿತ್ರದ ನಡುವೆ ಇರಬೇಕು, ಬೆಳಕು ಕಿಟಕಿಯಿಂದ ಬಂದರೆ ಸಾಕು. ಉಂಗುರ ಕಳಚಿಟ್ಟರೆ ಒಳ್ಳೆಯದು.

ಇಷ್ಟು ಮಾಡಿದರೂ ತಾತ ಮೋಸ ಮಾಡಬಲ್ಲರು, ಅದೂ ತಮಗೇ ಗೊತ್ತಿಲ್ಲದೆ. ಅದು ನಡೆಯುವುದು ಮಣಿಕಟ್ಟಿನಲ್ಲಿ. ಬೇಕಾದರೆ ನಿಮ್ಮದೇ ಕೈಯಲ್ಲಿ ನೋಡಿ. ಮುಂಗೈ ಸಡಿಲ ಬಿಟ್ಟು ಮಣಿಕಟ್ಟನ್ನು ಕೆಳಕ್ಕೆ ಇಳಿಬಿಡಿ, ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತಿ, ತಾವಾಗಿ ಒಳಕ್ಕೆ ಮಡಚಿಕೊಳ್ಳುತ್ತವೆ. ಬೆರಳನ್ನು ಆಡಿಸುವ ಸ್ನಾಯುರಜ್ಜುಗಳು (ಊರಲ್ಲಿ ನಾವು ನರ ಅಂತಲೇ ಕರೆಯುವ ಬಿಳಿ ಹುರಿಗಳು) ಮುಂದೋಳಿನಿಂದ ಮಣಿಕಟ್ಟನ್ನು ದಾಟಿ ಬಂದಿರುತ್ತವೆ, ಬಾವಿಯ ರಾಟೆಯ ಮೇಲಿನ ಹಗ್ಗದ ಹಾಗೆ ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಏರಲೇಬೇಕು. ಬೆರಳು ಪೂರ್ತಿ ಚಾಚಲು ಬಾರದವನು "ನೆಟ್ಟಗೆ ಮಾಡಿ" ಎಂದ ಕೂಡಲೇ ಮಣಿಕಟ್ಟನ್ನು ಮೆಲ್ಲಗೆ ಬಗ್ಗಿಸುತ್ತಾನೆ. ಬೆರಳು ಹತ್ತು ಡಿಗ್ರಿ ಜಾಸ್ತಿ ಚಾಚಿದಂತಾಗುತ್ತದೆ. "ತಾತಾ, ಮಣಿಕಟ್ಟು ಬಗ್ಗಿಸ್ಬೇಡ, ನೆಟ್ಟಗಿಡು" ಅಂತ ಫೋಟೋ ತೆಗೆಯುವವರು ಪ್ರತಿ ಸಲವೂ ಹೇಳಬೇಕು. ಚಿತ್ರದಲ್ಲಿ ಬೆರಳೊಂದೇ ಬರದೆ ಮಣಿಕಟ್ಟೂ ಸ್ವಲ್ಪ ಮುಂದೋಳೂ ಬರಬೇಕು ಎನ್ನುವುದು ಇದಕ್ಕೇ. ಮಣಿಕಟ್ಟು ಕಾಣದ ಫೋಟೋವನ್ನು ನಾನು ಡಾಕ್ಟರಾಗಿದ್ದರೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಇನ್ನೊಂದು ತಾಪತ್ರಯ ನಡುವಿನ ಎರಡು ಬೆರಳುಗಳದು. ತೋರುಬೆರಳನ್ನು ಹೆಬ್ಬೆರಳ ಕಡೆಯಿಂದ, ಕಿರುಬೆರಳನ್ನು ಆಚೆ ಕಡೆಯಿಂದ ಸಲೀಸಾಗಿ ಹಿಡಿಯಬಹುದು. ಮಧ್ಯದ ಬೆರಳೂ ಉಂಗುರ ಬೆರಳೂ ಮುಷ್ಟಿಯಲ್ಲಿ ಅಕ್ಕಪಕ್ಕದವರ ಹಿಂದೆ ಅಡಗುತ್ತವೆ. ಎರಡೂ ಕಡೆಯಿಂದ ತೆಗೆಯುವುದು ಒಂದು ದಾರಿ, ಅಡ್ಡ ಬರುವ ಬೆರಳನ್ನು ಸ್ವಲ್ಪ ಸರಿಸಿ ತೆಗೆಯುವುದು ಇನ್ನೊಂದು. ಎರಡನೆಯದರಲ್ಲಿ ಕೋನ ತುಸು ಬದಲಾಗುತ್ತದೆ, ಏಕೆಂದರೆ ಮಡಚುವಾಗ ಬೆರಳುಗಳು ಒಟ್ಟಿಗೆ ಚಲಿಸುವುದೇ ಸಹಜ. ಏನೇ ಇರಲಿ, ಮೊದಲ ವಾರ ಹೇಗೆ ತೆಗೆದರೋ ಎಂಟನೇ ವಾರವೂ ಹಾಗೇ ತೆಗೆಯಬೇಕು. ಹೆಬ್ಬೆರಳಿನ ಕಥೆ ಬೇರೆ. ಅದು ಮಡಚುವುದರ ಜೊತೆಗೆ ತಿರುಗುತ್ತದೆ, ಒಂದು ಪಕ್ಕದ ಚಿತ್ರಕ್ಕೆ ಅದು ದಕ್ಕುವುದಿಲ್ಲ.

ಕೈಯನ್ನು ಅಂಕಿಗಳಲ್ಲಿ ಬರೆದಿಡುವ ಶಿಸ್ತು ನಮ್ಮ ಪಕ್ಕದಲ್ಲೇ ಬೆಳೆದದ್ದು ಎಂಬುದು ಕೋಲಾರದವರಿಗೆ ಗೊತ್ತಿರಬೇಕಾದ ಸಂಗತಿ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಿಂದ ನರ (ಹುರಿಯಲ್ಲ, ನಿಜವಾದ ನರ) ಸತ್ತು ಬೆರಳುಗಳು ಮುದುಡಿದವರನ್ನು ಆಗ ಯಾರೂ ಆಪರೇಷನ್ ಟೇಬಲ್ಲಿಗೆ ಕರೆಯುತ್ತಿರಲಿಲ್ಲ. ಬ್ರ್ಯಾಂಡ್ 1948ರಲ್ಲಿ ಅಂಥ ಕೈಗಳಿಗೆ ಸ್ನಾಯುರಜ್ಜು ವರ್ಗಾಯಿಸುವ ಶಸ್ತ್ರಚಿಕಿತ್ಸೆ ಶುರು ಮಾಡಿದರು. ಈ ಕೆಲಸದಲ್ಲಿ ಎರಡು ಕೋನಗಳನ್ನು ಬರೆಯುವ ರೂಢಿ ಇದೆ. ರೋಗಿ ತಾನಾಗಿ ಬೆರಳು ಚಾಚಿದಾಗ ನಡುಗೆಣ್ಣು ಎಷ್ಟು ಡಿಗ್ರಿ ಮಡಚೇ ಉಳಿಯುತ್ತದೆ ಎಂಬುದು ಒಂದು. ಬುಡದ ಗೆಣ್ಣನ್ನು ಬೇರೆಯವರು ಹಿಡಿದು ಆಸರೆ ಕೊಟ್ಟಾಗ ಎಷ್ಟು ಉಳಿಯುತ್ತದೆ ಎಂಬುದು ಇನ್ನೊಂದು. ಆಸರೆ ಕೊಟ್ಟಾಗ ನೆಟ್ಟಗಾದರೆ ಗೆಣ್ಣು ಚೆನ್ನಾಗಿದೆ, ಸ್ನಾಯು ಸೋತಿದೆ. ಆಗಲೂ ಆಗದಿದ್ದರೆ ಗೆಣ್ಣೇ ಬಿಗಿದಿದೆ, ಅಥವಾ ಚಾಚುವ ಹುರಿಯೇ ಹಾಳಾಗಿದೆ. ಒಂದೇ ಬೆರಳು, ಎರಡು ಅಂಕಿ, ಚಿಕಿತ್ಸೆಯ ದಾರಿ ಬೇರೆ ಬೇರೆ.

ಬ್ರ್ಯಾಂಡ್ ಇನ್ನೊಂದು ಮಾತನ್ನೂ ಪಟ್ಟು ಹಿಡಿದು ಹೇಳಿದರು: ಬೇರೆಯವರು ಒತ್ತಿ ಮಡಚಿದಾಗಿನ ಕೋನವನ್ನು ಬರೆಯುವುದಾದರೆ ಎಷ್ಟು ಬಲ ಹಾಕಿ ಒತ್ತಿದಿರಿ ಎಂಬುದನ್ನೂ ಬರೆಯಿರಿ. ಜೋರಾಗಿ ಒತ್ತಿದವರಿಗೆ ಹೆಚ್ಚು, ಮೆತ್ತಗೆ ಒತ್ತಿದವರಿಗೆ ಕಡಿಮೆ ಬರುವ ಅಂಕಿಗೆ ಏನು ಬೆಲೆ? ಮನೆಯಲ್ಲಿ ತೆಗೆದ ಫೋಟೋದಲ್ಲಿ ಈ ಜಗಳವಿಲ್ಲ, ರೋಗಿ ತನ್ನ ಬಲದಿಂದಲೇ ಮಡಚಿರುತ್ತಾನೆ. ಆದರೆ ಅದರ ಕೊರತೆಯೂ ಅದೇ. ಬೆರಳು ಮಡಚುತ್ತಿಲ್ಲ ಎಂದು ಫೋಟೋ ಹೇಳುತ್ತದೆ. ಹುರಿ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡಿದೆಯೋ, ಗೆಣ್ಣು ಬಿಗಿದಿದೆಯೋ, ನೋವಿಗೆ ಹೆದರಿ ಮಡಚುತ್ತಿಲ್ಲವೋ ಎಂದು ಹೇಳುವುದಿಲ್ಲ. ಅದಕ್ಕೆ ಕೈ ಹಿಡಿದು ನೋಡುವ ಕೈಯೇ ಬೇಕು.

ಅಂಕಿಗಳನ್ನು ಕೂಡಿಸಿ ಒಂದು ಮೊತ್ತ ಮಾಡುವ ಪದ್ಧತಿಯೂ ಇದೆ. ಮೂರು ಗೆಣ್ಣುಗಳ ಮಡಿಕೆಯನ್ನು ಕೂಡಿಸಿ, ಚಾಚಿದಾಗ ಉಳಿದ ಕೊರತೆಯನ್ನು ಕಳೆಯುತ್ತಾರೆ. ಆರೋಗ್ಯದ ಬೆರಳಿಗೆ ಇದು ಸುಮಾರು 260. ಒಂದು ಬೆರಳು ಬುಡದಲ್ಲಿ 85, ನಡುವೆ 70, ತುದಿಯಲ್ಲಿ 30 ಮಡಚುತ್ತದೆ, ಚಾಚಿದಾಗ ನಡುಗೆಣ್ಣು 20 ಡಿಗ್ರಿ ಬಾಗೇ ಇರುತ್ತದೆ ಎನ್ನಿ. 185ರಲ್ಲಿ 20 ಹೋದರೆ 165, ಅಂದರೆ ಶೇ. 63. ಅಮೆರಿಕದ ಕೈ ಶಸ್ತ್ರವೈದ್ಯರ ಸಂಘದ ಪಟ್ಟಿಯಲ್ಲಿ ಶೇ. 50ರಿಂದ 75ರವರೆಗೆ ಸಾಧಾರಣ, 75 ದಾಟಿದರೆ ಉತ್ತಮ. ಈ ಬೆರಳು ಸಾಧಾರಣ. ಸ್ಟ್ರಿಕ್‌ಲ್ಯಾಂಡ್ ಎಂಬುವರು 1980ರಲ್ಲಿ ಕೊಟ್ಟ ಇನ್ನೊಂದು ಅಳತೆ ಬುಡದ ಗೆಣ್ಣನ್ನು ಬಿಟ್ಟೇಬಿಡುತ್ತದೆ, ಉಳಿದೆರಡನ್ನು 175ಕ್ಕೆ ಹೋಲಿಸುತ್ತದೆ. ಅದರಲ್ಲಿ ಇದೇ ಬೆರಳಿಗೆ 80, ಶೇ. 46, ಅಂದರೆ ಕಳಪೆ. ಬೆರಳು ಬದಲಾಗಿಲ್ಲ, ಮಾರ್ಕ್ಸ್ ಹಾಕುವ ಮೇಷ್ಟ್ರು ಬದಲಾಗಿದ್ದಾರೆ. ಹಾಗಾಗಿ ರೋಗಿಗಳು ಶೇಕಡಾವಾರು ಅಂಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹದಿನೈದು ದಿನಕ್ಕೊಂದರಂತೆ ತೆಗೆದ ನಾಲ್ಕು ಫೋಟೋ ಸಾಲಾಗಿ ಇಟ್ಟರೆ ಬೆರಳು ಮುಂದಕ್ಕೆ ಹೋಗುತ್ತಿದೆಯೋ ನಿಂತಿದೆಯೋ ಎಂಬುದು ಓದು ಬಾರದವರಿಗೂ ತಿಳಿಯುತ್ತದೆ.

ಎಷ್ಟು ಮಡಚಿದರೆ ಸಾಕು ಎಂಬುದಕ್ಕೂ ಉತ್ತರ ಹುಡುಕಿದವರಿದ್ದಾರೆ. 1990ರ ಒಂದು ಅಧ್ಯಯನದಲ್ಲಿ 11 ದೈನಂದಿನ ಕೆಲಸಗಳನ್ನು ಮಾಡಿಸಿ ನೋಡಿದಾಗ ಸರಾಸರಿ ಬೇಕಾದದ್ದು ಬುಡದಲ್ಲಿ 61, ನಡುವೆ 60, ತುದಿಯಲ್ಲಿ 39 ಡಿಗ್ರಿ ಅಂತ ಬಂತು. ಪೂರ್ತಿ ಮಡಿಕೆಗಿಂತ ಬಹಳ ಕಡಿಮೆ. ಆ ಹನ್ನೊಂದು ಕೆಲಸಗಳಲ್ಲಿ ಹಸು ಕರೆಯುವುದು ಇರಲಿಲ್ಲ, ಮುದ್ದೆ ಮುರಿದು ಸಾರಿಗೆ ಅದ್ದುವುದಂತೂ ಇರಲಿಲ್ಲ. ಕೆಚ್ಚಲು ಹಿಡಿದು ಹಿಂಡುವ ಮುಷ್ಟಿಗೆ ಕಿರುಬೆರಳ ತನಕ ಎಲ್ಲವೂ ಒಳಕ್ಕೆ ಬರಬೇಕು. ಗುದ್ದಲಿಯ ಕಾವು ದಪ್ಪ, ಅದನ್ನು ಹಿಡಿಯಲು ಅಷ್ಟು ಬೇಡ. ಆದ್ದರಿಂದ ಕೈಯ ಫೋಟೋ ಕಳಿಸುವವರು "ನಾನು ಮಾಡುವ ಕೆಲಸ ಇದು" ಎಂದೂ ಒಂದು ಸಾಲು ಬರೆದು ಕಳಿಸಿದರೆ ಡಾಕ್ಟರಿಗೆ ಆ ಕೋನದ ಅರ್ಥ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನು ದೊಡ್ಡಕ್ಷರದಲ್ಲಿ ಓದಿಕೊಳ್ಳಿ. ಹುರಿ ತುಂಡಾಗಿ ಹೊಲಿದಿದ್ದರೆ ಮೊದಲ ಆರು ವಾರ ಆ ಹೊಲಿಗೆ ಹಸಿ. ಯಾವ ವಾರದಲ್ಲಿ ಎಷ್ಟು ಮಡಚಬಹುದು, ಸ್ವಂತ ಬಲದಿಂದಲೋ ಇನ್ನೊಂದು ಕೈಯ ಸಹಾಯದಿಂದಲೋ ಎಂಬುದಕ್ಕೆ ಲೆಕ್ಕವಿದೆ. "ಫೋಟೋ ಚೆನ್ನಾಗಿ ಬರಲಿ, ಇನ್ನೂ ಗಟ್ಟಿಯಾಗಿ ಮುಷ್ಟಿ ಹಿಡಿ" ಅಂತ ಮೂರನೇ ವಾರದಲ್ಲಿ ಮನೆಯವರು ಹುರಿದುಂಬಿಸಿದರೆ ಒಳಗೆ ಹುರಿ ಕಿತ್ತು ಬರಬಹುದು. ಯಾವ ಭಂಗಿ ಯಾವ ವಾರ ಎಂಬುದನ್ನು ಆಪರೇಷನ್ ಮಾಡಿದವರೇ ಹೇಳಬೇಕು, ಅವರು ಹೇಳದ ಭಂಗಿಯನ್ನು ತೆಗೆಯಬಾರದು. ತುದಿಗೆಣ್ಣು ಜೋತುಬಿದ್ದು ಆರರಿಂದ ಎಂಟು ವಾರ ಪಟ್ಟಿ ಹಾಕಿಸಿಕೊಂಡವರೂ ಅಷ್ಟೇ. ಫೋಟೋಗೆಂದು ಪಟ್ಟಿ ಬಿಚ್ಚಿ ಒಂದು ಸಲ ಬೆರಳು ಬಗ್ಗಿಸಿದರೂ ದಿನಗಳ ಲೆಕ್ಕ ಮತ್ತೆ ಒಂದರಿಂದ ಶುರು.

ಇದಕ್ಕೆ ತದ್ವಿರುದ್ಧ ತಪ್ಪೂ ನಮ್ಮಲ್ಲಿ ಧಾರಾಳವಾಗಿದೆ. ಮೂಳೆ ಮುರಿದರೆ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸುವುದು ನಮ್ಮ ಭಾಗದಲ್ಲಿ ತಲೆಮಾರುಗಳ ರೂಢಿ. ಇನ್ನು ಕೆಲವರು ಆಸ್ಪತ್ರೆಯಲ್ಲೇ ಪಟ್ಟಿ ಹಾಕಿಸಿಕೊಂಡು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಕಟ್ಟು ಯಾರದಾದರೇನು, ಬೆರಳನ್ನು ತಪ್ಪು ಭಂಗಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಿನ ಕಟ್ಟಿಟ್ಟರೆ ಅದು ಸೆಟೆಯುತ್ತದೆ. ಸಾಮಾನ್ಯವಾಗಿ ಬುಡದ ಗೆಣ್ಣು ಮಡಚಿ, ಮುಂದಿನ ಎರಡು ನೆಟ್ಟಗಿರುವಂತೆ ಕಟ್ಟುವುದು ಸುರಕ್ಷಿತ ಭಂಗಿ. ಪೆಟ್ಟು ಬಿದ್ದ ಬೆರಳಿನ ಜೊತೆ ಏನೂ ಆಗದ ಮೂರು ಬೆರಳನ್ನೂ ಸೇರಿಸಿ ಸುತ್ತಿ, ತಿಂಗಳ ಮೇಲೆ ಬಿಚ್ಚಿ, ನಾಲ್ಕೂ ಮಡಚದೆ ಗಾಬರಿಯಾಗುವವರಿದ್ದಾರೆ. ಕಟ್ಟು ಬಿಚ್ಚಿದ ದಿನವೇ ಒಂದು ಫೋಟೋ ಹೋಗಿದ್ದರೆ ವ್ಯಾಯಾಮ ಅಂದೇ ಶುರುವಾಗುತ್ತಿತ್ತು.

ಗಾಯವಿಲ್ಲದ ಕೈಗೂ ಫೋಟೋ ಉಪಯೋಗಕ್ಕೆ ಬರುತ್ತದೆ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರ ಕೈಯಲ್ಲಿ ಚರ್ಮ ದಪ್ಪವಾಗಿ ಗೆಣ್ಣುಗಳು ಪೂರ್ತಿ ಚಾಚದಂತಾಗುವುದುಂಟು. ಅದರ ಪರೀಕ್ಷೆ ನಮಸ್ಕಾರ. ಎರಡು ಅಂಗೈ ಒತ್ತಿ ಜೋಡಿಸಿ ಪಕ್ಕದಿಂದ ನೋಡಿದರೆ ಬೆರಳುಗಳ ನಡುವೆ ಸಂದು ಉಳಿಯುತ್ತದೆ, ಅದನ್ನು ಫೋಟೋ ಸ್ಪಷ್ಟವಾಗಿ ಹಿಡಿಯುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯವನ್ನು ಹಿಂಡಿ ಹಾಕಿದಾಗ ಜ್ವರ ಬಿಟ್ಟು ತಿಂಗಳುಗಳಾದರೂ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದೆ ಇದ್ದವರನ್ನು ನೆನಪಿಸಿಕೊಳ್ಳಿ. ಅಂಥ ಕೈ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ. ಕೋಲಾರ ಮುಟ್ಟುವ ಹೊತ್ತಿಗೆ ಬೆರಳು ಸಡಿಲವಾಗಿರುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಎದ್ದ ಕೂಡಲೇ ಹಾಸಿಗೆಯಲ್ಲೇ ತೆಗೆದ ಫೋಟೋ ಅವರಿಗೆ ಕಾಣದ್ದನ್ನು ಕಾಣಿಸುತ್ತದೆ. ಈ ಒಂದು ವಿಷಯದಲ್ಲಿ ಮನೆಯ ಫೋಟೋ ಆಸ್ಪತ್ರೆಯ ಗೋನಿಯೋಮೀಟರಿಗಿಂತ ಮೇಲು.

ದುಡ್ಡಿನ ಲೆಕ್ಕವೂ ಇದೆ. ಕೆಲಸದ ಜಾಗದಲ್ಲಿ ಕಳೆದುಕೊಂಡ ಬೆರಳಿಗೆ ಕಾರ್ಮಿಕ ಕಾನೂನಿನ ಅನುಸೂಚಿ ಒಂದೊಂದು ಅಂಕಿ ಇಟ್ಟಿದೆ: ದುಡಿಯುವ ಶಕ್ತಿಯ ನಷ್ಟ ಹೆಬ್ಬೆರಳಿಗೆ ಶೇ. 30, ಇಡೀ ತೋರುಬೆರಳಿಗೆ 14, ಮಧ್ಯದ ಬೆರಳಿಗೆ 12, ಉಂಗುರ ಅಥವಾ ಕಿರುಬೆರಳಿಗೆ 7. ಬೆರಳು ಇದ್ದೂ ಶಾಶ್ವತವಾಗಿ, ಸಂಪೂರ್ಣವಾಗಿ ನಿರುಪಯೋಗಿಯಾದರೆ ಅದೂ ಕಳೆದುಕೊಂಡ ಹಾಗೆಯೇ. ಕಷ್ಟ ಇರುವುದು ಅರ್ಧ ಮಡಚುವ ಬೆರಳಿಗೆ. ಅದು ಪಟ್ಟಿಯಲ್ಲಿಲ್ಲ, ವೈದ್ಯರು ಅಂದಾಜಿಸಿ ಬರೆಯಬೇಕು, ಆಚೆ ಕಡೆಯ ವಕೀಲರು ಅದನ್ನು ಪ್ರಶ್ನಿಸುತ್ತಾರೆ. ಗಾಯವಾದ ವಾರದಿಂದ ತಾರೀಖಿನ ಸಮೇತ ಸಾಲಾಗಿ ಫೋಟೋ ಇಟ್ಟವನ ಮಾತಿಗೆ ಅಲ್ಲಿ ತೂಕ ಬರುತ್ತದೆ. ಸ್ವಂತ ಕೊಟ್ಟಿಗೆಯಲ್ಲಿ ಬೆರಳು ಕತ್ತರಿಸಿಕೊಂಡ ರೈತನಿಗಾದರೋ ಕೇಳಲು ಮಾಲೀಕನೇ ಇಲ್ಲ.

ಗೆರೆ ಎಳೆಯುವ ಕೆಲಸವನ್ನು ಕಂಪ್ಯೂಟರಿಗೇ ಬಿಡಬಹುದಲ್ಲ ಎಂದು ಕಾಲೇಜು ಹುಡುಗರು ಕೇಳುತ್ತಾರೆ. ಗೂಗಲ್ 2019ರಲ್ಲಿ ಬಿಟ್ಟ ಮೀಡಿಯಾಪೈಪ್ ಎಂಬ ತಂತ್ರಾಂಶ ಕೈಯ ಚಿತ್ರದಲ್ಲಿ 21 ಬಿಂದುಗಳನ್ನು ತಾನೇ ಗುರುತಿಸುತ್ತದೆ, ಅವುಗಳಿಂದ ಕೋನ ಲೆಕ್ಕ ಹಾಕುವುದು ಪಿಯುಸಿ ಗಣಿತ. ಆದರೆ ಅಡಗಿದ ಗೆಣ್ಣಿನ ಜಾಗವನ್ನೂ ಅದು ಊಹೆಯಿಂದ ತುಂಬುತ್ತದೆ. ಊದಿದ, ಪಟ್ಟಿ ಸುತ್ತಿದ, ತುದಿ ಹೋದ ಬೆರಳಿನಲ್ಲಿ ಆ ಊಹೆಯನ್ನು ನಂಬುವುದು ಕಷ್ಟ, ನಮಗೆ ಬೇಕಾದದ್ದು ಅಂಥ ಬೆರಳೇ. ಸದ್ಯಕ್ಕೆ ತಿಳಿದವರ ಕಣ್ಣು, ತೆರೆಯ ಮೇಲೊಂದು ಕೋನಮಾಪಕ, ಇಷ್ಟೇ ವಾಸಿ. ಅಂದಹಾಗೆ ನಮ್ಮ ನರಸಾಪುರದಲ್ಲೇ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ವಿಸ್ಟ್ರಾನ್ ಕಂಪನಿಯಿಂದ 2023ರಲ್ಲಿ ಟಾಟಾದವರು ಕೊಂಡರು. ಜಗತ್ತಿನ ಒಳ್ಳೆಯ ಕ್ಯಾಮೆರಾಗಳಲ್ಲಿ ಒಂದನ್ನು ಕೋಲಾರದ ಬೆರಳುಗಳು ಜೋಡಿಸುತ್ತವೆ.

ಹೀಗೆ ಫೋಟೋ ನೋಡಿ ಸಲಹೆ ಕೊಡಲು ಕಾನೂನಿನ ಅಡ್ಡಿ ಇಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ದೂರದಿಂದ ಸಲಹೆ ಕೊಡುವುದನ್ನು ಒಪ್ಪಿದೆ, ಕೇಂದ್ರ ಸರ್ಕಾರದ ದೂರಸಲಹೆ ಸೇವೆ ಇ-ಸಂಜೀವಿನಿ 2019ರಿಂದಲೇ ಇದೆ. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿಗೋ ಆಶಾ ಕಾರ್ಯಕರ್ತೆಗೋ ಹತ್ತು ನಿಮಿಷ ಕಲಿಸಿದರೆ ಪಕ್ಕದಿಂದ, ಮಣಿಕಟ್ಟು ನೆಟ್ಟಗಿಟ್ಟು ತೆಗೆಯುವುದು ಬರುತ್ತದೆ. ಸೂಚನೆ ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು ವಾಯ್ಸ್ ಮೆಸೇಜ್ ಇರಲಿ, ಮುಳಬಾಗಿಲು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು. ಮುಖ ಬರಬಾರದು, ಮುಂಗೈ ಮೇಲೆ ಹೆಸರಿನ ಹಚ್ಚೆ ಇದ್ದರೆ ಬಟ್ಟೆ ಮುಚ್ಚಬೇಕು, ಅಂಗೈ ಕಡೆಯಿಂದ ಬೆರಳಚ್ಚು ಕಾಣುವಂತೆ ತೆಗೆಯುವ ಅಗತ್ಯವೇ ಇಲ್ಲ. ರೇಷನ್ ಅಂಗಡಿಯಲ್ಲಿ ತಂಬ್ ಕೊಟ್ಟೇ ಅಕ್ಕಿ ತರುವ ಕಾಲದಲ್ಲಿ ಬೆರಳಚ್ಚನ್ನು ಗ್ರೂಪುಗಳಲ್ಲಿ ಹರಿಯಬಿಡುವುದು ಬೇಡ. ಫೋಟೋ ಹೋಗಬೇಕಾದದ್ದು ಒಬ್ಬ ಡಾಕ್ಟರಿಗೆ. ಪರಿಚಯದವರ ಗ್ರೂಪಿಗೆ ಹಾಕಿ ಮೂವತ್ತು ಜನರ ಮದ್ದು ಕೇಳುವುದಕ್ಕಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಮೊದಲ ಭೇಟಿಗೆ ಫೋಟೋ ಸಾಲದು, ಕೀವು, ಜೋಮು, ತಡೆಯಲಾರದ ನೋವು ಇದ್ದಾಗಲೂ ಸಾಲದು, ಆಗ ಬಸ್ಸು ಹತ್ತಲೇಬೇಕು. ನಡುವಿನ ಭೇಟಿಗಳಲ್ಲಿ ಬಹುಪಾಲಿಗೆ ಅದು ಸಾಕು. ಕೋಲಾರ, ಬೆಂಗಳೂರು, ವೇಲೂರಿನ ಡಾಕ್ಟರಲ್ಲಿ ಒಂದು ವಿನಂತಿ: ಬೆರಳಿನ ರೋಗಿಯನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯ ಕೊನೆಗೆ ಇನ್ನೆರಡು ಸಾಲು ಬರೆಯಿರಿ. ಯಾವ ಭಂಗಿಯ ಫೋಟೋ, ಯಾವ ವಾರ, ಯಾವ ನಂಬರಿಗೆ. ಅವರು ಬರೆಯದಿದ್ದರೆ ಚೀಟಿ ಕೈಗೆ ತೆಗೆದುಕೊಳ್ಳುವ ಮುಂಚೆ ನೀವೇ ಕೇಳಿ ಬರೆಸಿಕೊಳ್ಳಿ.